ಚಪ್ಪಲಿ ಎತ್ತಿಡುವ ಹೊತ್ತು

ನಮ್ಮ ಅತ್ತಿಗೆ ಮನೆಯ ಮುಂದಿನ ಕೋಣೆಯಲ್ಲಿ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಐದು ಮಕ್ಕಳು, ಒಬ್ಬಳೇ ಅತ್ತಿಗೆ, ಜೊತೆಗೆ ಗೊಣಗುವುದಕ್ಕೆ ನಾದಿನಿ ನಾನು. ಅವಳಿಗೆ ಗಡಿಯಾರಕ್ಕಿಂತ ಕ್ರಮವೇ ದೊಡ್ಡದು. ಆಟವಾದ ಮೇಲೆ ಕೈ ತೊಳೆಯುವುದು, ಊಟವಾದ ಮೇಲೆ ಕಸ ಗುಡಿಸುವುದು, ಗುಡಿಸಿದ ಮೇಲೆ ಚಾಪೆ ಹಾಸುವುದು. ಹಿಂದುಮುಂದಾದರೆ ಮಕ್ಕಳು ತಲೆಯ ಮೇಲೆ ಕೂರುತ್ತವೆ ಎನ್ನುತ್ತಾಳೆ. ನನಗೋ, ಮನೆಯೇ ರೈಲ್ವೆ ಸ್ಟೇಷನ್ ಆದಂತಿತ್ತು.

ಗುಬ್ಬಿ ಬಂದಳು ನೋಡಿ, ಆ ಕ್ರಮಕ್ಕೇ ಕುತ್ತು ಬಂತು. ಮೂರು ತುಂಬದ ಹುಡುಗಿ. ಅವಳಮ್ಮ ಬಸ್ಸು ಓಡಿಸುವವಳು, ಕೆಲಸಕ್ಕೆ ಹೊಸಬಳು. ಊಟದವರೆಗೆ ಗುಬ್ಬಿ ಚಿನ್ನದಂಥ ಮಗು. ಮಲಗುವ ಹೊತ್ತಾಯಿತೋ, ಸೂರು ಹಾರಿಹೋಗುವಂತೆ ಅಳು. ಮಿಕ್ಕವರೂ ಎದ್ದು ಅವಳಿಗೆ ತಾಳ ಹಾಕುತ್ತಿದ್ದರು. ಬೇರೆ ದಾರಿಯಿಲ್ಲದೆ ನಾವು ಎರಡು ಸಲ ಫೋನ್ ಮಾಡಿದಾಗ ತಾಯಿ ಬಸ್ಸನ್ನು ಬೇರೆಯವರ ಕೈಗೆ ಕೊಟ್ಟು ಓಡಿಬಂದಿದ್ದಳು.

"ಇನ್ನೊಂದ್ಸಲ ನಡುವೆ ಬಿಟ್ಟು ಬಂದ್ರೆ ಕೆಲ್ಸ ಇಲ್ಲ ಅಂದಿದಾರೆ ಅಕ್ಕಾ. ಈ ವಾರವೂ ಇವಳು ಮಲಗ್ಲಿಲ್ಲ ಅಂದ್ರೆ ನಾನೇ ಬಿಟ್ಬಿಡ್ತೀನಿ," ಎಂದಳು. ಅವಳ ಕಣ್ಣು ತುಂಬಿತ್ತು.

"ಮಲಗಿಸ್ಲೇಬೇಡ ಅತ್ತಿಗೆ, ಟೀವಿ ಮುಂದೆ ಕೂರ್ಸು," ಎಂದೆ ನಾನು.

"ನೀನೊಬ್ಳು ಸುಮ್ನಿರಮ್ಮ. ಅಳು ಎಲ್ಲಿ ಶುರುವಾಗತ್ತೆ ಅಂತ ಮೊದ್ಲು ನೋಡೋಣ."

ಮರುದಿನ ಅವಳು ನನ್ನ ಕೈಗೆ ಪೊರಕೆ ಕೊಟ್ಟು, ಗುಬ್ಬಿಯ ಪಕ್ಕದಲ್ಲಿ ನೆಲಕ್ಕೆ ಕೂತಳು. ಮಗುವಿನ ಕಣ್ಣು ಹೋದಲ್ಲೆಲ್ಲ ಅವಳ ಕಣ್ಣೂ ಹೋಯಿತು. ಊಟವಾಯಿತು, ಕೈಬಾಯಿ ಒರೆಸಿದ್ದಾಯಿತು. ಗುಡಿಸುವುದಕ್ಕೆ ಅಡ್ಡವೆಂದು, ದಿನವೂ ಅತ್ತಿಗೆ ಮಾಡುವಂತೆ, ನಾನು ಬಾಗಿಲ ಬಳಿಯ ಪುಟ್ಟ ಚಪ್ಪಲಿಗಳನ್ನೆಲ್ಲ ಎತ್ತಿ ಮೇಲಿನ ಹಲಗೆಯ ಮೇಲಿಟ್ಟೆ. ಗುಬ್ಬಿಯ ತುಟಿ ನಡುಗಿತು.

"ನಿಲ್ಸು!" ಎಂದಳು ಅತ್ತಿಗೆ. "ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಚಪ್ಪಲಿ ಹೋಯ್ತು ಅಂದ್ರೆ ಮನೆಗೆ ಹೋಗೋದೂ ಹೋಯ್ತು ಅಂದ್ಕೊಳ್ತಿದೆ ಕಣೇ ಮಗು."

ವರ್ಷಗಳಿಂದ ಕೂದಲೆಳೆಯಷ್ಟೂ ಅಲುಗದ ಕ್ರಮವನ್ನು ನಿಂತ ಕಾಲಲ್ಲೇ ಬದಲಿಸಿದಳು. ಗುಡಿಸುವುದು ಇನ್ನು ಮಕ್ಕಳು ಹೊರಟ ಮೇಲೆ. ಊಟವಾದೊಡನೆ ಚೆಲ್ಲಿದ್ದನ್ನು ಒರೆಸಿದರೆ ಸಾಕು. ಒರೆಸುವವಳು ಯಾರು? ಇನ್ಯಾರು, ನಾನೇ! ಚಪ್ಪಲಿಗಳು ಚಾಪೆಯಿಂದ ಕಾಣುವಂತೆ ಬಾಗಿಲಲ್ಲೇ ಉಳಿದವು. ಆಮೇಲೆ ಅವಳು ಗುಬ್ಬಿಯ ಬೆನ್ನು ತಟ್ಟುತ್ತ, ಎದ್ದ ಮೇಲೆ ಯಾವುದರ ಹಿಂದೆ ಯಾವುದು ಬರುತ್ತದೆಂದು ಮೆಲ್ಲಗೆ ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಆ ದಿನ ಬರೀ ಮುಸುಮುಸು. ಮರುದಿನ ನಿದ್ದೆ! ನಾದಿನಿಯ ಬಾಯಲ್ಲಿ ಅತ್ತಿಗೆಯ ಹೊಗಳಿಕೆಯೇ ಎಂದು ನಗಬೇಡಿ. ಆ ಮಧ್ಯಾಹ್ನ ನನಗೆ ಅವಳ ಮೇಲೆ ಹೆಮ್ಮೆ ಉಕ್ಕಿ ಬಂತು.

ವಾರದ ಕೊನೆಗೆ ಒಂದು ದಿನ ತಾಯಿಯ ಕೆಲಸ ಬೇಗ ಮುಗಿಯಿತು. ಏದುಸಿರು ಬಿಡುತ್ತ ಬಂದಳು. ಗುಬ್ಬಿ ಆಗಷ್ಟೇ ಎದ್ದು ಕಣ್ಣುಜ್ಜುತ್ತಿದ್ದಳು. ಓಡಿಬಂದು ಅಪ್ಪಿಕೊಳ್ಳುತ್ತಾಳೆಂದು ತಾಯಿ ಕೈ ಚಾಚಿದರೆ, ಈ ಚೋಟುದ್ದದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಮ್ಮಾ, ಈಗ ಹಣ್ಣು. ಆಮೇಲೆ ಗಿಡಕ್ಕೆ ನೀರು. ಆಮೇಲೆ ನೀನು. ಹೋಗು, ಆಚೆ ಇರು!"

ತಾಯಿ ಪೆಚ್ಚಾಗಿ ಅತ್ತಿಗೆಯ ಮುಖ ನೋಡಿದಳು.

"ನನ್ನ ಯಾಕ್ ನೋಡ್ತೀಯ? ನಿನ್ನ ಸರದಿ ಇನ್ನೂ ಬಂದಿಲ್ಲ," ಎಂದಳು ಅತ್ತಿಗೆ.

ತಾಯಿ ಹೊರಗೆ ಮೆಟ್ಟಿಲ ಮೇಲೆ ಕೂತು, ನಗುತ್ತ ಅಳುತ್ತ ಕಾದಳು. ಸ್ವಲ್ಪ ಹೊತ್ತಿಗೆ ಕಿಟಕಿಯಾಚೆಯಿಂದ ಅವಳ ದನಿ ಕೇಳಿಸಿತು.

"ಅಕ್ಕಾ, ಸೋಮವಾರದಿಂದ ನಂಗೆ ಬೆಳಗಿನ ಬಸ್ಸು. ಇವಳನ್ನ ಸ್ವಲ್ಪ ಬೇಗ ಕರ್ಕೊಂಡ್ಬಂದು ಬಿಡ್ಬಹುದಾ?"