ಸಂತನ ಗಡ್ಡದ ಬೂಷ್ಟು

ಮನೆದೇವರು ಸಂತ ನಿಕೋಲನ ಗಡ್ಡಕ್ಕೆ ಬೂಷ್ಟು ಹಿಡಿದದ್ದು ಮೊದಲು ಕಣ್ಣಿಗೆ ಬಿದ್ದದ್ದು ಸೊಸೆಗೆ. ಬೀಳದೆ ಇನ್ನೇನು, ಸೊಸೆಯಂದಿರಿಗೆ ದೇವರು ಕಣ್ಣು ಕೊಟ್ಟಿರೋದೇ ಅದಕ್ಕೆ ಅಂದುಕೊಂಡಳು ದೆಸಾಂಕಾ.

"ಅತ್ತೆ, ಸಂತನ ಗಡ್ಡ ಹಸಿರಾಗ್ತಿದೆ," ಅಂದಳು ತಿಯಾನಾ, ಪಟದ ಕೆಳಗೆ ಕುರ್ಚಿ ಹಾಕಿ ಹತ್ತಿ ನಿಂತು.

"ಅವನಷ್ಟು ವಯಸ್ಸಾಗಲಿ, ನಿನಗೂ ಏನೇನೋ ಹಸಿರಾಗತ್ತೆ. ಇಳಿ ಕೆಳಗೆ."

ಸೊಸೆ ಇಳಿದ ಮೇಲೆ ದೆಸಾಂಕಾ ತಾನೇ ಹತ್ತಿ ನೋಡಿದಳು. ನಿಜ. ಗಡ್ಡದ ತುದಿಯಲ್ಲಿ ಶುರುವಾದದ್ದು ತುಟಿಯತ್ತ ಹೊರಟಿತ್ತು. ವಿನೆಗರ್ ಅದ್ದಿದ ಬಟ್ಟೆಯಲ್ಲಿ ಒರೆಸಿದಳು, ಹೋಯಿತು. ಮುಂದಿನ ವಾರ ಇನ್ನೂ ಹುಲುಸಾಗಿ ಬಂತು.

ತಪ್ಪು ಸಂತನದಲ್ಲ, ಕಿಟಕಿಯದು. ಜ್ರೆನ್ಯಾನಿನ್ ಊರಿನ ಆ ಹಳೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಮೊದಲು ಮರದ ಕಿಟಕಿಗಳಿದ್ದವು. ಮುಚ್ಚಿದರೂ ಪರದೆ ಅಲ್ಲಾಡುವಷ್ಟು ಸಂದು. ಮಗ ನೆಬೊಯ್ಷಾ ಕಳೆದ ಬೇಸಿಗೆಯಲ್ಲಿ ಅವನ್ನೆಲ್ಲ ಕೀಳಿಸಿ ಪ್ಲಾಸ್ಟಿಕ್ ಕಿಟಕಿ ಹಾಕಿಸಿದ. ಉಪ್ಪಿನಕಾಯಿ ಜಾಡಿಯ ಮುಚ್ಚಳ ಕೂತ ಹಾಗೆ ಕೂತವು. ಅಂದಿನಿಂದ ಸಾರಿನ ಹಬೆ, ಒಣಹಾಕಿದ ಬಟ್ಟೆಯ ತೇವ, ಮೂವರ ಉಸಿರು, ಎಲ್ಲ ಒಳಗೇ. ಚಳಿ ಶುರುವಾಗುತ್ತಲೇ ಗಾಜು ಬೆವರತೊಡಗಿತು. ಬೆಳಗ್ಗೆ ಏಳುವಷ್ಟರಲ್ಲಿ ಕಿಟಕಿ ಕಟ್ಟೆಯ ಮೇಲೆ ನೀರು ನಿಂತಿರುತ್ತಿತ್ತು. ದೆಸಾಂಕಾ ಹಳೇ ಟವೆಲ್ ಹಾಸುವುದು, ಹಿಂಡುವುದು, ಕಿಟಕಿ ಮಾಡಿದವನ ವಂಶಕ್ಕೆಲ್ಲ ಶಾಪ ಹಾಕುವುದು. ಕಿಟಕಿಯ ಪಕ್ಕದ ಮೂಡಣ ಗೋಡೆ ತಣ್ಣಗೆ ಕೊರೆಯುತ್ತಿತ್ತು. ಸಂತ ನೇತಾಡುತ್ತಿದ್ದದ್ದು ಅದೇ ಗೋಡೆಯಲ್ಲಿ, ಪಾಪ.

"ಅಡುಗೆಮನೆ ಕಿಟಕಿ, ಈ ಕಿಟಕಿ, ಎರಡನ್ನೂ ಒಟ್ಟಿಗೆ ಪೂರ್ತಿ ತೆಗೆದು ಐದು ನಿಮಿಷ ಬಿಟ್ಟರೆ ಸಾಕು ಅತ್ತೆ," ಅಂದಳು ತಿಯಾನಾ. "ಒಳಗಿನ ತೇವ ಹೊರಟುಹೋಗತ್ತೆ. ಪಾತ್ರೆಗೆ ಮುಚ್ಚಳ ಮುಚ್ಚಿ, ಬಟ್ಟೆ ಒಳಗೆ ಒಣಹಾಕಬೇಡಿ."

"ಎದುರುಬದುರು ಕಿಟಕಿ ತೆಗೆಯೋದಾ? ಪ್ರೊಮಾಯಾ ಎಬ್ಬಿಸೋದಾ? ನನ್ನನ್ನ ಸಾಯಿಸ್ಬೇಕು ಅಂತಿದ್ರೆ ವಿಷ ಹಾಕು ತಾಯಿ, ಬೇಗ ಆಗತ್ತೆ."

ಎರಡು ಕಿಟಕಿಗಳ ನಡುವೆ ಹಾಯುವ ಗಾಳಿಗೆ ಅಲ್ಲಿಯವರು ಪ್ರೊಮಾಯಾ ಅನ್ನುತ್ತಾರೆ. ಆ ಊರಲ್ಲಿ ದೇವರಿಲ್ಲ ಎನ್ನುವವರು ಸಿಕ್ಕಾರು, ಪ್ರೊಮಾಯಾ ಇಲ್ಲ ಎನ್ನುವವರು ಸಿಕ್ಕಲಾರರು. ಕತ್ತು ಹಿಡಿದರೆ ಅದರಿಂದ, ಮೂತ್ರಪಿಂಡ ಕೆಟ್ಟರೆ ಅದರಿಂದ, ಹಲ್ಲು ನೋವಿಗೂ ಅದೇ. ದೆಸಾಂಕಾಳ ಗಂಡ ಮಿಲುಟಿನ್ ಸತ್ತದ್ದೂ ಅದರಿಂದಲೇ. ಒಂದು ಸಂಜೆ ಬನಿಯನ್ನಲ್ಲಿ ಎರಡು ಕಿಟಕಿಗಳ ನಡುವೆ ಕೂತು ಕಾಲ್ಚೆಂಡಾಟ ನೋಡಿದ, ಚಳಿಗಾಲ ಮುಗಿಯುವ ಮೊದಲೇ ಹೋದ. ಡಾಕ್ಟರು ಹೃದಯ ಅಂದರು, ಹಂದಿಕೊಬ್ಬು ಅಂದರು, ಹಣ್ಣಿನ ಸಾರಾಯಿ ರಾಕಿಯಾ ಕುಡಿದದ್ದು ಹೆಚ್ಚಾಯಿತು ಅಂದರು. ದೆಸಾಂಕಾ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕೊಬ್ಬನ್ನು ಕರಗಿಸಿ ಬ್ರೆಡ್ಡಿಗೆ ಬಳಿದುಕೊಟ್ಟವಳು ಅವಳು, ಲೋಟಕ್ಕೆ ರಾಕಿಯಾ ಬಗ್ಗಿಸಿದವಳೂ ಅವಳೇ. ಗಾಳಿಯನ್ನು ಬೈದರೆ ಗಾಳಿ ತಿರುಗಿ ಬೈಯುವುದಿಲ್ಲ.

ಬೂಷ್ಟು ಬರೀ ಬೂಷ್ಟಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಮೈದುನ ಗೊಯ್ಕೊ ಒಬ್ಬನಿದ್ದನಲ್ಲ. ಊರಾಚೆ ಹೊಸ ಮನೆ ಕಟ್ಟಿಸಿ, ನೆಲದ ಕೆಳಗೆಲ್ಲ ಬಿಸಿನೀರಿನ ಕೊಳವೆ ಹಾಕಿಸಿ, ಬಂದವರಿಗೆಲ್ಲ ಶೂ ಬಿಚ್ಚಿ ನಡೆದು ನೋಡಿ ಎನ್ನುವ ಆಸಾಮಿ. ಪಟ ಎಲ್ಲಿದೆಯೋ ಅಲ್ಲೇ ವರ್ಷಕ್ಕೊಮ್ಮೆ ಮನೆದೇವರ ಹಬ್ಬ, ಹಬ್ಬ ಎಲ್ಲೋ ಅಲ್ಲೇ ಇಡೀ ಕುಲ ಸೇರುವುದು. ಅಣ್ಣ ಸತ್ತಾಗಿನಿಂದ ಗೊಯ್ಕೊಗೆ ಆ ಪಟದ ಮೇಲೆ ಕಣ್ಣು.

"ಅತ್ತಿಗೆ, ಹೋದ ತಿಂಗಳು ಬಂದಾಗಲೇ ನೋಡಿದೆ, ನಿಮ್ಮ ಗೋಡೆ ಒದ್ದೆ," ಅಂದಿದ್ದ ಫೋನಿನಲ್ಲಿ. "ಸಂತನಿಗೆ ಏನಾದರೂ ಆಗಿದ್ದು ಕಂಡರೆ ಈ ಹಬ್ಬದ ದಿನವೇ ಎತ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

ಪಟ ಹೋದರೆ ದೆಸಾಂಕಾ ಇನ್ನು ಮೇಲೆ ಮೈದುನನ ಬಿಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತ ನೆಂಟಳು.

ಹಾಗಾಗಿ ಅವಳು ಮದ್ದು ಹುಡುಕಿದಳು. ಕಿಟಕಿ ಕಟ್ಟೆಗಳ ಮೇಲೆ ಬಟ್ಟಲು ತುಂಬ ಉಪ್ಪಿಟ್ಟಳು. ಪಾದ್ರಿ ಮಂತ್ರಿಸಿ ಕೊಟ್ಟ ತೀರ್ಥವನ್ನು ತುಳಸಿಯಂಥ ಬೊಸಿಲ್ಯಾಕ್ ಕಡ್ಡಿಯಲ್ಲಿ ಉಪ್ಪಿನ ಮೇಲೆ ಚಿಮುಕಿಸಿದಳು. ಒದ್ದೆ ಹೀರಲಿ ಎಂದು ಇಟ್ಟ ಉಪ್ಪಿಗೆ ತಾನೇ ನೀರು ಹಾಕುತ್ತಿದ್ದೇನೆ ಅಂತ ಅವಳಿಗೆ ಹೊಳೆಯಲಿಲ್ಲ, ಭಕ್ತಿ ಅಂದರೆ ಹಾಗೇ. ಆದರೆ ಏನಾಶ್ಚರ್ಯ, ಕೆಲಸ ಮಾಡಿತು. ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಗಾಜು ಫಳಫಳ. ದೆಸಾಂಕಾ ಮೆಟ್ಟಿಲ ಮೇಲೆ ಸಿಕ್ಕ ಸಿಕ್ಕ ಹೆಂಗಸರಿಗೆಲ್ಲ ಹೇಳಿದಳು. ಕಟ್ಟಡದವರೆಲ್ಲ ಉಪ್ಪು ಕೊಂಡರು. ಅವರ ಗಾಜು ಮಾತ್ರ ಬೆವರುತ್ತಲೇ ಇತ್ತು. ಅವರ ಭಕ್ತಿ ಕಮ್ಮಿ ಅಂದಳು ದೆಸಾಂಕಾ.

ಹಬ್ಬದ ವಾರ ಬಂತು. ಸಾಮಾನೆಲ್ಲ ತಂದಾಗಿತ್ತು, ಅವಳು ಮನೆ ಬಿಟ್ಟು ಕದಲಲಿಲ್ಲ. ಹೀಟರುಗಳ ಮೇಲೆಲ್ಲ ತೊಳೆದ ಮೇಜುಬಟ್ಟೆ, ಒಲೆಯ ಮೇಲೆ ಸಂತನ ಹೆಸರಲ್ಲಿ ಹಂಚುವ ಗೋಧಿ, ಪಕ್ಕದ ಹಂಡೆಯಲ್ಲಿ ಕಾರ್ಪ್ ಮೀನಿನ ಸಾರು. ಒಂದಕ್ಕೂ ಮುಚ್ಚಳವಿಲ್ಲ. ಗಾಜಿನ ಮೇಲೆ ನೀರು ಹರಿಯಿತು. ಉಪ್ಪು ಬಟ್ಟಲಲ್ಲೇ ಗಂಜಿಯಾಯಿತು. ಒರೆಸಿದಷ್ಟೂ ಗಡ್ಡ ಮತ್ತೆ ಹಸಿರಾಯಿತು.

"ಅತ್ತೆ, ಸ್ವಲ್ಪ ಹೊತ್ತು ಪಕ್ಕದ ಮನೆಗಾದ್ರೂ ಹೋಗಿಬನ್ನಿ," ಅಂತ ತಿಯಾನಾ ಗೋಗರೆದಳು.

"ನನ್ನನ್ನ ಹೊರಗೆ ಹಾಕೋ ಆತುರ ನೋಡು ಇವಳಿಗೆ."

ಹಬ್ಬದ ಮಧ್ಯಾಹ್ನ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಮೇಜಿನ ನಡುವೆ ಹಬ್ಬದ ರೊಟ್ಟಿ, ಅದರ ಪಕ್ಕ ಮೊಳದುದ್ದದ ಜೇನುಮೇಣದ ಮೋಂಬತ್ತಿ. ಅದನ್ನು ಯಾರೂ ಊದಿ ಆರಿಸುವಂತಿಲ್ಲ. ಊಟವೆಲ್ಲ ಮುಗಿದ ಮೇಲೆ ಮನೆಯ ಗಂಡಸು ವೈನ್ ಹನಿಸಿ ಆರಿಸಬೇಕು. ಅದಕ್ಕೆ ಮೊದಲೇ ಆರಿತೋ, ಆ ಮನೆಯಲ್ಲಿ ಹೆಣ ಬೀಳುತ್ತದೆ ಅಂತ ನಂಬಿಕೆ. ಪಾದ್ರಿಯ ಕನ್ನಡಕಕ್ಕೆ ಮಂಜು ಕಟ್ಟಿ ಪುಸ್ತಕ ಕಾಣದೆ, ನೆನಪಿದ್ದಷ್ಟು ಹೇಳಿ ಉಳಿದದ್ದನ್ನು ಮೂಗಿನಲ್ಲೇ ಗುನುಗಿದರು. ಅವರೂ ನೆಬೊಯ್ಷಾನೂ ಸೇರಿ ರೊಟ್ಟಿ ಮುರಿದರು.

ಎಲ್ಲರೂ ಕೂರುವಾಗ ಗೊಯ್ಕೊ ಕೂರಲಿಲ್ಲ. ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಸಂತನ ಗಡ್ಡಕ್ಕೆ ಬೆರಳು ಎಳೆದ. ಹಸಿರು ಬೆರಳನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

"ಅತ್ತಿಗೆ, ಇದು ನಮ್ಮ ಸಂತನಾ, ಹಳೇ ಚೀಸಾ?"

ಯಾರೋ ಕಿಸಕ್ಕೆಂದರು. ದೆಸಾಂಕಾಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಊಟ ಮುಗಿಸ್ಕೊಂಡು ತಗೊಂಡು ಹೋಗ್ತೀನಿ. ಪೇಪರಿದ್ರೆ ಸುತ್ತಿಡಿ," ಅಂದು ಗೊಯ್ಕೊ ಅಡುಗೆಮನೆಯ ಕಡೆಯ ತುದಿಯಲ್ಲಿ ಹೋಗಿ ಕೂತ. ಮಗ ನೆಬೊಯ್ಷಾ ತನ್ನ ಲೋಟಕ್ಕೆ ರಾಕಿಯಾ ಬಗ್ಗಿಸಿಕೊಂಡ. ಅಪ್ಪನದೇ ಪಡಿಯಚ್ಚು.

"ಉಪ್ಪಿಗೆ ಏನಾಯ್ತೋ," ಅಂತ ದೆಸಾಂಕಾ ಸೊಸೆಯ ಕಿವಿಯಲ್ಲಿ ಅತ್ತಳು. "ಇಷ್ಟು ದಿನ ಸರಿಯಾಗೇ ಇತ್ತಲ್ಲೇ."

"ಉಪ್ಪಲ್ಲ ಅತ್ತೆ. ನಾನು."

"ಏನು ನೀನು?"

"ನೀವು ಮಾರ್ಕೆಟ್ಟಿಗೆ ಹೋದಾಗೆಲ್ಲ ಕಿಟಕಿ ತೆಗೀತಿದ್ದೆ. ಎರಡೂ. ನಡುವಿನ ಬಾಗಿಲೂ."

"ಆಗ ನನ್ನ ಮಗ ಎಲ್ಲಿದ್ದ?"

"ಸೋಫಾ ಮೇಲೆ. ಗಾಳಿ ಹಾಯೋ ಜಾಗದಲ್ಲೇ ಬಾಯಿಬಿಟ್ಕೊಂಡು ಗೊರಕೆ ಹೊಡೀತಿದ್ರು."

ದೆಸಾಂಕಾ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೆಂಪಗೆ, ದುಂಡಗೆ, ಜೀವಂತ. ಮೊದಲು ಸೊಸೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ಹಾಗಾದರೆ ಮಿಲುಟಿನ್? ಅದನ್ನು ಈಗ ಮುಟ್ಟಲು ಧೈರ್ಯವಾಗಲಿಲ್ಲ. ಗೊಯ್ಕೊ ಮಾತ್ರ ಕಣ್ಣೆದುರು ಮೀನಿನ ಮುಳ್ಳು ಚೀಪುತ್ತ ಪಟವನ್ನೇ ಅಳೆಯುತ್ತಿದ್ದ.

"ತೆಗಿ," ಅಂದಳು.

"ಈಗ್ಲಾ? ಮೋಂಬತ್ತಿ ಉರೀತಿದೆ ಅತ್ತೆ."

"ಮೋಂಬತ್ತಿ ನನಗೆ ಬಿಡು. ಎರಡನ್ನೂ ತೆಗಿ. ಪೂರ್ತಿ."

ದೆಸಾಂಕಾ ಮೇಜಿಗೆ ಅಡ್ಡ ನಿಂತು, ಕಿಟಕಿಗೆ ಬೆನ್ನು ಕೊಟ್ಟು, ಮೋಂಬತ್ತಿಯನ್ನು ಎದೆಗೆ ಹತ್ತಿರ ಎಳೆದುಕೊಂಡು ಎರಡು ಅಂಗೈಗಳಿಂದ ಮರೆ ಮಾಡಿದಳು. ಕಿಟಕಿಗಳು ತೆರೆದವು. ಡಿಸೆಂಬರಿನ ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಟಿತು, ಜೊತೆಗೆ ಕಾಗದದ ಕರವಸ್ತ್ರಗಳೆಲ್ಲ. "ಅಯ್ಯೋ ಪ್ರೊಮಾಯಾ," ಅಂದಿತು ಮನೆಯಿಡೀ. ನೆಂಟರೆಲ್ಲ ತಟ್ಟೆ ಹಿಡಿದುಕೊಂಡೇ ಗೋಡೆಗೆ ಅಂಟಿಕೊಂಡರು. ಪಾದ್ರಿ ತಮ್ಮ ಕೊರಳಲ್ಲಿದ್ದ ಪೂಜೆಯ ಉದ್ದ ವಸ್ತ್ರವನ್ನು ಕಿವಿಗೆ ಸುತ್ತಿಕೊಂಡು ಬಾಗಿಲ ಹಿಂದೆ ನಿಂತರು. ಸ್ವರ್ಗದ ಬಗ್ಗೆ ಅವರಿಗೆ ಭರವಸೆಯಿತ್ತು, ಅವಸರವಿರಲಿಲ್ಲ.

ದೆಸಾಂಕಾಳ ಸೊಂಟಕ್ಕೆ ಗಾಳಿ ಚೂರಿಯ ಹಾಗೆ ಇರಿಯಿತು. ಅವಳಿಗೆ ಭಯವಾಯಿತು, ನಿಜವಾದ ಭಯ. ಆದರೂ ಕದಲಲಿಲ್ಲ.

"ಪಟ ಬೇಕಿತ್ತಲ್ಲ ಗೊಯ್ಕೊ," ಅಂದಳು. "ಅಲ್ಲೇ ಇದೆ, ಕಿಟಕಿ ಪಕ್ಕ. ನಡೆದುಬಂದು ತಗೋ."

ಗೊಯ್ಕೊ ಅಡುಗೆಮನೆಯ ತುದಿಯಲ್ಲಿ ಎದ್ದು ನಿಂತ. ಅವನಿಗೂ ಸಂತನಿಗೂ ನಡುವೆ ಆ ಗಾಳಿ. ಒಂದು ಹೆಜ್ಜೆ ಇಟ್ಟ, ಕತ್ತು ಮುಟ್ಟಿ ನೋಡಿಕೊಂಡ, ಹಿಂದೆ ಸರಿದ.

"ಮೊದಲು ಕಿಟಕಿ ಮುಚ್ಚಿಸಿ ಅತ್ತಿಗೆ. ಹುಚ್ಚು ಹಿಡಿದಿದೆಯಾ ನಿಮಗೆ?"

"ನನ್ನ ಮನೆ, ನನ್ನ ಕಿಟಕಿ."

"ನಂಗೆ ಸೊಂಟದ ತೊಂದರೆ ಇದೆ," ಅಂತ ಗೊಯ್ಕೊ ಎಲ್ಲರಿಗೂ ಕೇಳುವಂತೆ ಹೇಳಿ, ಗೋಡೆಗುಂಟ ಅಡ್ಡಡ್ಡ ನಡೆದು, ಕೋಟು ಕಿತ್ತುಕೊಂಡು ಮೆಟ್ಟಿಲಿಳಿದು ಓಡಿದ. ಮಫ್ಲರ್ ಮರೆತೇ ಹೋಗಿದ್ದ.

ಗಾಜಿನ ನೀರು ಅಂಚಿನಿಂದ ಒಣಗುತ್ತ ಬಂತು. ಮೋಂಬತ್ತಿಯ ಉರಿ ಬಾಗಿತು, ಸಣ್ಣಗಾಯಿತು, ಮತ್ತೆ ನೆಟ್ಟಗಾಯಿತು.

"ಐದು ನಿಮಿಷ ಆಯ್ತು ಅತ್ತೆ. ಮುಚ್ಲಾ?"

"ಮುಚ್ಚು. ನಾಳೆ ಬೆಳಗ್ಗೆ ಮತ್ತೆ ತೆಗಿ. ನಾನು ಮನೇಲಿದ್ರೂ."

ಜನ ನಗುತ್ತ, ಬೈಯುತ್ತ ಮತ್ತೆ ಮೇಜಿಗೆ ಬಂದರು. ನೆಬೊಯ್ಷಾ ಅಮ್ಮನ ಧೈರ್ಯಕ್ಕೆ ಅಂತ ಮತ್ತೊಂದು ಲೋಟ ತುಂಬಿಸಿಕೊಂಡ. ದೆಸಾಂಕಾ ಅವನ ಕೈಯಿಂದ ಲೋಟ ತೆಗೆದುಕೊಂಡಳು. ಅವಳ ಅಂಗೈ ಇನ್ನೂ ಬೆಚ್ಚಗಿತ್ತು, ಬೆನ್ನು ಮರಗಟ್ಟಿತ್ತು, ಅವಳು ಮಾತ್ರ ಸತ್ತಿರಲಿಲ್ಲ.

"ಸಾಕು ಮಗಾ," ಅಂದಳು. "ನಿಮ್ಮಪ್ಪ ಸತ್ತದ್ದು ಗಾಳಿಯಿಂದಲ್ಲ."