ಕಣ್ಣೊಳಗಿನ ಉಂಗುರ

ಶಿವಬಸವ್ವ ದಿನಾ ಬೆಳಿಗ್ಗೆ ಮೊದಲು ಹಾಸಿಗೆಯಲ್ಲಿದ್ದ ಮಗಳ ಕಾಲಿಗೆ, ಆಮೇಲೆ ನರ್ಸ್ ವಿದ್ಯಾಳ ಕಾಲಿಗೆ ನಮಸ್ಕರಿಸುತ್ತಿದ್ದಳು. ಹಳ್ಳಿಯ ಮುಗ್ಧೆ, ಆರೈಕೆಯ ಋಣಕ್ಕೆ ಹೀಗೆ ಮಾಡುತ್ತಾಳೆಂದು ವಿದ್ಯಾ ಸುಮ್ಮನಿದ್ದಳು.

ಮಗಳು ಶೈಲಶ್ರೀಯ ಮೈತುಂಬ ತಾಮ್ರ ಸೇರಿಕೊಂಡು ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ತಾಮ್ರವನ್ನು ಮೂತ್ರದಲ್ಲಿ ಹೊರಹಾಕುವ ಗುಳಿಗೆಯನ್ನು ವಿದ್ಯಾ ಖಾಲಿ ಹೊಟ್ಟೆಗೇ ಕೊಡುತ್ತಿದ್ದಳು. ಅವರ ಊರು ಹತ್ತಿಮತ್ತೂರಿನಿಂದ ಬಂದ, ತಾಮ್ರದಂಶವಿರುವ ಶೇಂಗಾ ಚಟ್ನಿಯನ್ನೂ ತಾಮ್ರದ ತಂಬಿಗೆಯನ್ನೂ ಗದರಿ ವಾಪಸು ಕಳಿಸಿದ್ದಳು.

ಅಂದು ಅವಳು ಶೈಲಶ್ರೀಯ ಕಣ್ಣಿಗೆ ಬ್ಯಾಟರಿ ಬಿಟ್ಟಳು. ಕರಿಗುಡ್ಡೆಯ ಅಂಚಿಗೆ ಹೊಂಬಣ್ಣದ ಉಂಗುರ ಹೊಳೆಯಿತು.

"ನೋಡ್ರಿ ಯವ್ವಾ, ಇದು ತಾಮ್ರ. ಔಷಧ ತಪ್ಪಿಸದಿದ್ರ ಕರಗತೈತಿ."

ಶಿವಬಸವ್ವ ನಕ್ಕಳು. "ತಾಮ್ರ ಅಲ್ರಿ ಅಕ್ಕಾರ. ಕರಕೊಂಡು ಹೋಗೂ ಮುಂದ ದೇವಿ ತಾಯಿ ಇಡೂ ಗುರುತದು. ನನ್ನ ಹಿರೇ ಮಗಳಿಗೂ ಇತ್ತು, ಹೋದ್ಲು. ಅದು ಇದ್ದೋರು ಹೊಟ್ಟ್ಯಾಗ ಹುಟ್ಟಿದ್ರೂ ನಾವು ಕಾಲಿಗೆ ಬೀಳ್ತೇವಿ."

ವಿದ್ಯಾ ನೀರಿನ ಲೋಟ ಎತ್ತಿಕೊಂಡಳು. "ಮತ್ತ ನನ್ನ ಕಾಲಿಗ್ಯಾಕ ಬೀಳ್ತೀರಿ?"

ಶಿವಬಸವ್ವ ಅವಳ ಕರಿಗುಡ್ಡೆಗಳ ಅಂಚನ್ನೇ ನೋಡಿದಳು.

ಲೋಟದ ನೀರು ತುಳುಕಿತು. ಹೆದರಿಕೆಗೆ ಎಂದುಕೊಂಡು ವಿದ್ಯಾ ಅದನ್ನು ಕೆಳಗಿಟ್ಟಳು. ಕೈಯ ನಡುಕ ಮಾತ್ರ ನಿಲ್ಲಲಿಲ್ಲ.