ಪೂನಮ್‌ಳ ಪೆಟಾಬೈಟ್

ಗೋಕಾಕದಲ್ಲಿ ಚಿಕ್ಕವ್ವನ ಮಗಳು ಪೂನಮ್ ತನ್ನ ಫೋಟೋ ಸ್ಟುಡಿಯೋಕ್ಕೆ ‘ಒಂದು ಪೆಟಾಬೈಟ್ ಸಂಗ್ರಹ’ ಎಂದು ಬೋರ್ಡು ಹಾಕಿಸಿದ ದಿನದಿಂದ ಮೂಡಲಗಿಯ ಸುಜಾತಾಳಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಅವಳದೂ ಗಂಡ ಈಶ್ವರನದೂ ಸೇರಿ ಒಂದು ಸಣ್ಣ ಸ್ಟುಡಿಯೋ; ಇದ್ದದ್ದು ನಾಲ್ಕು ಟೆರಾಬೈಟಿನ ಒಂದೇ ಡಿಸ್ಕು. ಮದುವಣಗಿತ್ತಿ ಮೊದಲ ನಾಗರಪಂಚಮಿಗೆ ತವರಿಗೆ ಬಂದು ಹೋಗುವತನಕ ಅವಳ ಮದುವೆಯ ವಿಡಿಯೋ ಇಟ್ಟುಕೊಂಡು, ಆಮೇಲೆ ಅಳಿಸಿ, ಮುಂದಿನ ಮದುವೆಗೆ ಜಾಗ ಮಾಡುವುದು ಅವರ ರೂಢಿ.

“ರೀ, ಪೆಟಾ ಅಂದ್ರ ಎಷ್ಟು?”

“ಸಾವಿರ ಟೆರಾ,” ಎಂದ ಈಶ್ವರ.

“ಅಕೀಗ್ಯಾಕ ಬೇಕಿತ್ತು ಅಷ್ಟು? ಇಡೀ ಜಿಲ್ಲಾದ ಮಂದಿ ಮಾರಿ ತುಂಬಿಡತಾಳೇನ?”

ಮೊಮ್ಮಗಳ ಮದುವೆಯ ವಿಡಿಯೋ ಮಾತಾಡಲು ಯಮಕನಮರಡಿಯಿಂದ ಬಂದ ಶಿವಗಂಗವ್ವ, ಮೊದಲು ಗೋಕಾಕಕ್ಕೇ ಹೋಗಿ ಬಂದಿದ್ದಳು. “ಅಲ್ಲಿ ವರ್ಷಗಟ್ಟಲೆ ಇಡತಾರಂತವಾ. ನೀವು?”

ಸುಜಾತಾಳ ನಾಲಿಗೆ ನಿಲ್ಲಲಿಲ್ಲ. “ನಮ್ಮದು ಎಕ್ಸಾಬೈಟ್ ಐತ್ರಿ ಆಯಿ. ಅಂಥಾ ಪೆಟಾ ಸಾವಿರ ಹಿಡಿತಾವು ಅದರಾಗ.”

“ಹಂಗಾರ ಅರಿಷಿಣದಿಂದ ಹಿಡದು ಒಂದೂ ಅಳಸಬ್ಯಾಡ. ಮರಿಮಗನ ಮದಿವಿತನಕ ಇರಲಿ.”

ಮದುವೆ ಮುಗಿಯಿತು. ಡಿಸ್ಕು ಕಂಠಮಟ ತುಂಬಿತು. ಅರ್ಧ ಮದುವೆ ಇನ್ನೂ ಕ್ಯಾಮೆರಾದಲ್ಲೇ ಉಳಿಯಿತು. ಡಿಸ್ಕಿನಲ್ಲಿದ್ದ ಉಳಿದ ಮದುವಣಗಿತ್ತಿಯರ ಪಂಚಮಿ ಇನ್ನೂ ದೂರವಿತ್ತು; ಅವರದನ್ನು ಅಳಿಸುವಂತಿರಲಿಲ್ಲ. “ಈಗ ಅಳಸೂದಂದ್ರ ನಮ್ಮ ನಂದಿನಿ ಸಣ್ಣಾಕಿದ್ದಾಗಿನ ವಿಡಿಯೋ ಅಷ್ಟ,” ಎಂದ ಈಶ್ವರ.

ಮಗಳು ಅಂಬೆಗಾಲಿಕ್ಕಿದ್ದು, ತೊದಲು ಮಾತಾಡಿದ್ದು ಎಲ್ಲ ಅದರಲ್ಲೇ. ಸುಜಾತಾ ಗಂಡನ ಕೈ ಹಿಡಿದಳು. “ಮುಟ್ಟಬ್ಯಾಡ್ರಿ!”

ಡಿಸ್ಕು, ಕ್ಯಾಮೆರಾ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಗೋಕಾಕದ ಬಸ್ಸು ಹತ್ತಿದಳು. ಪೂನಮ್‌ಳ ಎದುರು ನಿಂತು, ಗೋಡೆ ನೋಡುತ್ತ, “ಒಂದೀಟು ಜಾಗಾ ಕೊಡತೀಯೇನ?” ಎಂದು ಕೇಳಿದಳು.

“ತಗೋ ಅಕ್ಕಾ. ಇದನ್ನೂ ಕೇಳಬೇಕೇನ?”

ಸಂಜೆಯೊಳಗೆ ಇಡೀ ಮದುವೆ ಪೂನಮ್‌ಳ ಕಪಾಟಿನಷ್ಟು ದೊಡ್ಡ ಯಂತ್ರದೊಳಗೆ ಇಳಿಯಿತು. ತುಂಬಿದ ಜಾಗ ತೋರಿಸುವ ನೀಲಿ ಪಟ್ಟಿ ಪರದೆಯ ಮೇಲೆ ಕೂದಲೆಳೆಯಷ್ಟೂ ಸರಿಯಲಿಲ್ಲ. ಸುಜಾತಾಳಿಗೆ ತಡೆಯಲಾಗಲಿಲ್ಲ.

“ಇಷ್ಟ ದೊಡ್ಡದ ತಂದು ಖಾಲಿ ಇಟ್ಟೀಯಲ್ಲವಾ!”

“ಮತ್ತೇನ ಮಾಡ್ಲಿ? ಮಂದಿ ಬೋರ್ಡ್ ನೋಡಿ ಹೋಗತಾರ, ಮದಿವಿ ನಿನಗ ಕೊಡತಾರ,” ಎಂದಳು ಪೂನಮ್. “ನಿನ್ನ ನೋಡಿ ನನಗೂ ಹೊಟ್ಟಿ ಉರೀತೈತಕ್ಕಾ.”

ಸುಜಾತಾ ಆಕೆಯನ್ನು ಒಮ್ಮೆ ದಿಟ್ಟಿಸಿದಳು. ಕುರ್ಚಿ ಹತ್ತಿರ ಎಳೆದು ಕೂತಳು.

“ಬರೂ ವಾರ ಹುಕ್ಕೇರಿಯೊಳಗೊಂದು ಮದಿವಿ ಐತಿ. ಕ್ಯಾಮೆರಾ ತಗೊಂಡ ಬಾ,” ಎಂದಳು, ಮುಖ ಮಾತ್ರ ಇನ್ನೂ ಗಂಟಿಕ್ಕಿಕೊಂಡೇ.